ಯೆಜ್ಡಿ ಕ್ರ್ಯಾಂಕ್ ಬ್ಯಾಲೆನ್ಸಿಂಗ್: ಡ್ರಿಲ್ ಹಿಡಿಯುವ ಮುಂಚೆ ತಕ್ಕಡಿ ಹಿಡಿಯಿರಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಟ ಯೆಜ್ಡಿಗಳು ಮಾತ್ರ ಇನ್ನೂ ಓಡುತ್ತಿವೆ. ಇಷ್ಟು ವರ್ಷದಲ್ಲಿ ಅವುಗಳ ಕ್ರ್ಯಾಂಕ್ (ಪಿಸ್ಟನ್ನಿನ ಮೇಲೆ ಕೆಳಗಿನ ಓಡಾಟವನ್ನು ಸುತ್ತಾಟಕ್ಕೆ ಬದಲಿಸುವ ಭಾಗ) ಎರಡೋ ಮೂರೋ ಸಲ ಪ್ರೆಸ್ಸಿನ ಕೆಳಗೆ ಹೋಗಿ ಬಂದಿರುತ್ತದೆ. ಪ್ರತಿ ಸಲವೂ ಹೊಸ ಕಾನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್) ಕಿಟ್, ಒಂದು ಸೈಜು ದೊಡ್ಡ ಪಿಸ್ಟನ್. ಹಳೆಯದರ ತೂಕ ಎಷ್ಟಿತ್ತು ಎಂದು ಕೇಳಿದರೆ ಉತ್ತರವಿಲ್ಲ, ಯಾಕೆಂದರೆ ಯಾರೂ ತೂಗಿರುವುದೇ ಇಲ್ಲ. ಆಮೇಲೆ ಗಾಡಿ 60 ದಾಟಿದ ಕೂಡಲೇ ಹ್ಯಾಂಡಲ್ ನಡುಗುತ್ತದೆ, ಫುಟ್‌ರೆಸ್ಟಿನ ಮೇಲೆ ಕಾಲು ಜುಮ್ಮೆನ್ನುತ್ತದೆ. ಆಗ ನೆನಪಾಗುವ ಮಾತೇ ‘ಬ್ಯಾಲೆನ್ಸಿಂಗ್ ಹೋಗಿದೆ’.

ಈ ಲೇಖನ ಹಳೆಯ ಟೂ-ಸ್ಟ್ರೋಕ್ ಯೆಜ್ಡಿ ಮತ್ತು ಜಾವಾ 250ರ ಒಂಟಿ ಸಿಲಿಂಡರ್ ಕ್ರ್ಯಾಂಕ್ ಬಗ್ಗೆ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 75 ಮಿ.ಮೀ. ಎರಡು ಫ್ಲೈವೀಲ್, ನಡುವೆ ಒತ್ತಿ ಕೂರಿಸಿದ ಒಂದು ಕ್ರ್ಯಾಂಕ್‌ಪಿನ್, ಅದರ ಮೇಲೆ ರೋಲರ್ ಬೇರಿಂಗಿನಲ್ಲಿ ತಿರುಗುವ ರಾಡ್. ಇದೇ ರಚನೆಯ ಬೇರೆ ಒಂಟಿ ಸಿಲಿಂಡರ್ ಗಾಡಿಗಳಿಗೂ ಈ ವಿಧಾನ ಹೊಂದುತ್ತದೆ, ಅಂಕಿಗಳನ್ನು ಬದಲಿಸಿಕೊಂಡರಾಯಿತು. ಯೆಜ್ಡಿ 350 ಟ್ವಿನ್‌ಗೆ ಹೊಂದುವುದಿಲ್ಲ. ಅದರ ಎರಡು ಪಿನ್‌ಗಳು ಎದುರುಬದುರು ಇರುವುದರಿಂದ ಸ್ಟ್ಯಾಂಡಿನ ಮೇಲೆ ನಿಶ್ಚಲವಾಗಿ ನಿಂತ ಕ್ರ್ಯಾಂಕ್ ಕೂಡ ತಿರುಗುವಾಗ ಎರಡು ತುದಿಯಲ್ಲಿ ಎತ್ತಿ ಎತ್ತಿ ಹಾಕಬಹುದು.

ಒಂದು ಗ್ರಾಂ ಎಂದರೆ ಎಷ್ಟು?

ಸ್ಟ್ರೋಕ್ 75 ಎಂದರೆ ಕ್ರ್ಯಾಂಕ್‌ಪಿನ್ ಕೇಂದ್ರದಿಂದ 37.5 ಮಿ.ಮೀ. ದೂರದಲ್ಲಿದೆ. ಆ ಜಾಗದಲ್ಲಿ ಒಂದೇ ಒಂದು ಗ್ರಾಂ ಹೆಚ್ಚಿದ್ದರೆ, ನಿಮಿಷಕ್ಕೆ 5000 ಸುತ್ತಿನಲ್ಲಿ ಅದು ಸುಮಾರು 10 ನ್ಯೂಟನ್ ಬಲದಿಂದ ಹೊರಕ್ಕೆ ಎಳೆಯುತ್ತದೆ. ಅಂದರೆ ಒಂದು ಕಿಲೋ ಭಾರ. ಹತ್ತು ಗ್ರಾಂ ವ್ಯತ್ಯಾಸಕ್ಕೆ ಹತ್ತು ಕಿಲೋ, ಅದೂ ಸೆಕೆಂಡಿಗೆ 83 ಸಲ ದಿಕ್ಕು ಬದಲಿಸುತ್ತ. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2500 ಸುತ್ತಿನಲ್ಲಿ ಇದೇ ಹತ್ತು ಗ್ರಾಂ ಎರಡೂವರೆ ಕಿಲೋದಷ್ಟೇ ತೂಗುತ್ತದೆ. ಊರೊಳಗೆ ಬೆಣ್ಣೆಯಂತೆ ಹೋಗುವ ಗಾಡಿ ಹೈವೇಯಲ್ಲಿ ಹಲ್ಲು ಕಡಿಯುವುದು ಇದಕ್ಕೇ.

ಹಾಗೆಂದು ಒಂಟಿ ಸಿಲಿಂಡರಿನಲ್ಲಿ ಕಂಪನವನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಯಾರಾದರೂ ತೆಗೆಯುತ್ತೇನೆ ಎಂದರೆ ದುಡ್ಡು ಕೊಡಬೇಡಿ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ, ಅದಕ್ಕೆ ಎದುರಾಗಿ ಇಟ್ಟಿರುವ ಕೌಂಟರ್‌ವೇಟ್ ವೃತ್ತದಲ್ಲಿ ಸುತ್ತುತ್ತದೆ. ಪಿಸ್ಟನ್ನಿನ ಪೂರ್ತಿ ತೂಕಕ್ಕೆ ಸಮನಾಗಿ ಕೌಂಟರ್‌ವೇಟ್ ಇಟ್ಟರೆ ಮೇಲೆ ಕೆಳಗಿನ ಕುಲುಕಾಟ ಬಹುಪಾಲು ಹೋಗುತ್ತದೆ, ಆದರೆ ಅಷ್ಟೇ ಬಲದ ಕುಲುಕಾಟ ಹಿಂದೆ ಮುಂದೆ ಶುರುವಾಗುತ್ತದೆ. ಅದಕ್ಕಾಗಿ ತಯಾರಕರು ನಡುವಿನ ಒಂದು ಪಾಲನ್ನು ಆಯ್ಕೆ ಮಾಡಿರುತ್ತಾರೆ. ಇದೇ ಬ್ಯಾಲೆನ್ಸ್ ಫ್ಯಾಕ್ಟರ್. ಫ್ರೇಮ್ ಯಾವ ದಿಕ್ಕಿನಲ್ಲಿ ಗಟ್ಟಿ, ಎಂಜಿನ್ ಎಷ್ಟು ವಾಲಿದೆ, ಗಾಡಿ ಹೆಚ್ಚು ಹೊತ್ತು ಎಷ್ಟು ಸುತ್ತಿನಲ್ಲಿ ಓಡುತ್ತದೆ ಎಂದೆಲ್ಲ ನೋಡಿ ಗೊತ್ತುಮಾಡಿದ ಅಂಕಿ ಅದು. ಇಂಟರ್ನೆಟ್ಟಿನಲ್ಲಿ ಯಾರೋ ಬರೆದ ಶೇಕಡಾವಾರನ್ನು ನಂಬಿ ಕೊರೆಯಬೇಡಿ. ನಿಮ್ಮ ಕ್ರ್ಯಾಂಕಿನಲ್ಲಿ ಈಗ ಎಷ್ಟಿದೆ ಎಂದು ಅಳೆಯಿರಿ, ಅದನ್ನು ಹಾಗೇ ಉಳಿಸಿ. ಈ ಕೆಲಸದ ಮುಕ್ಕಾಲು ಪಾಲು ಅಷ್ಟೇ.

ಎಂಜಿನ್ ಇಳಿಸುವ ಮುಂಚೆ

ಕಂಪನಕ್ಕೆಲ್ಲ ಕ್ರ್ಯಾಂಕೇ ಕಾರಣ ಎಂದುಕೊಳ್ಳಬೇಡಿ. ಎಂಜಿನ್ ಮೌಂಟಿಂಗ್ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಬೋಲ್ಟಿನ ನಡುವೆ ಸವೆದು ಸೊಂಟ ಬಿದ್ದಿದ್ದರೆ, ಎಷ್ಟೇ ಬಿಗಿದರೂ ಎಂಜಿನ್ ಅಲ್ಲಾಡುತ್ತಲೇ ಇರುತ್ತದೆ. ಫ್ರೇಮಿನ ಕಿವಿಗೂ ಎಂಜಿನ್ನಿಗೂ ನಡುವೆ ಸಂದಿ ಇದ್ದರೆ ವಾಷರ್ ಹಾಕಿ ತುಂಬಿಸಬೇಕು. ಸಂದಿ ಬಿಟ್ಟು ಬೋಲ್ಟ್ ಎಳೆದರೆ ಕಿವಿ ಬಾಗಿ ಒಂದು ದಿನ ಬಿರುಕು ಬಿಡುತ್ತದೆ. ಪ್ರೈಮರಿ ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೂ ಇದೇ ರೀತಿ ನಡುಗುತ್ತದೆ.

ಕ್ರ್ಯಾಂಕಿನ ಮೇಲೇ ಅನುಮಾನ ಇದ್ದರೆ ಪಾಯಿಂಟ್ (ಕಿಡಿ ಹಾರಿಸಲು ತೆರೆದು ಮುಚ್ಚುವ ಸಂಪರ್ಕ) ನೋಡಿ. ಈ ಎಂಜಿನ್ನಿನಲ್ಲಿ ಡೈನಮೋ ಆರ್ಮೇಚರ್ ಮತ್ತು ಪಾಯಿಂಟ್ ತೆರೆಯುವ ಕ್ಯಾಮ್ ಕ್ರ್ಯಾಂಕಿನ ತುದಿಯಲ್ಲೇ ಕೂತಿವೆ. ಕ್ರ್ಯಾಂಕ್ ತುದಿ ಸೊಟ್ಟಗೆ ತಿರುಗಿದರೆ ಪಾಯಿಂಟ್ ಗ್ಯಾಪ್ ಒಂದು ಕಡೆ ನಿಲ್ಲುವುದಿಲ್ಲ. 0.4 ಮಿ.ಮೀ. ಇಟ್ಟು, ಆರ್ಮೇಚರನ್ನು ಕೈಯಿಂದ ಮೇಲಕ್ಕೆ ಎತ್ತಿ ಹಿಡಿದು ಮತ್ತೆ ಗೇಜ್ ತೂರಿಸಿ. ಗ್ಯಾಪ್ ಬದಲಾದರೆ ಮೇನ್ ಬೇರಿಂಗ್ ಸವೆದಿದೆ. ಆರ್ಮೇಚರಿನ ಮೇಲೆ ಸುತ್ತಲೂ ಅಥವಾ ಒಂದು ಕಡೆ ಉಜ್ಜಿದ ಹೊಳಪಿದ್ದರೆ ಶಾಫ್ಟ್ ಸೊಟ್ಟ ಅಥವಾ ಬೇರಿಂಗ್ ಹೋಗಿದೆ. ಟೈಮಿಂಗ್ ಎಷ್ಟು ಇಟ್ಟರೂ ಜಾರುತ್ತದೆ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಕ್ರ್ಯಾಂಕ್.

ಬೇಕಾದ ಸಾಮಾನು

0.1 ಗ್ರಾಂ ತೋರಿಸುವ, ಕನಿಷ್ಠ ಒಂದು ಕಿಲೋ ತಡೆಯುವ ಡಿಜಿಟಲ್ ತಕ್ಕಡಿ ಒಂದು. 0.01 ಮಿ.ಮೀ. ಡಯಲ್ ಗೇಜ್ ಎರಡು, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಸಮೇತ. ಮೈಕ್ರೊಮೀಟರ್, ವರ್ನಿಯರ್, ಫೀಲರ್ ಗೇಜ್. ಸೆಂಟರ್ ಸರಿಯಿರುವ ಲೇತ್ ಅಥವಾ ಬೆಂಚ್ ಸೆಂಟರ್. ತಾಮ್ರದ ಸುತ್ತಿಗೆ. 10ರಿಂದ 20 ಟನ್ ಹೈಡ್ರಾಲಿಕ್ ಪ್ರೆಸ್, ಇದು ಮನೆಯಲ್ಲಿ ಬೇಕಿಲ್ಲ, ಒಳ್ಳೆಯ ಲೇತ್ ಅಂಗಡಿಯಲ್ಲಿ ಇರುತ್ತದೆ. ಮಕ್ಕಳು ಆಡುವ ಮೇಣದ ಜೇಡಿ ಒಂದು ತುಂಡು. ಒಂದು ನೋಟ್‌ಬುಕ್.

ಬ್ಯಾಲೆನ್ಸ್ ಸ್ಟ್ಯಾಂಡ್ ನೀವೇ ಮಾಡಿಕೊಳ್ಳಬಹುದು. 300 ಮಿ.ಮೀ. ಎತ್ತರದ ಎರಡು ಗಟ್ಟಿ ಕಾಲು, ಅವುಗಳ ಮೇಲೆ ನೇರವಾಗಿ ಗ್ರೈಂಡ್ ಮಾಡಿಸಿದ ಎರಡು ಉಕ್ಕಿನ ಪಟ್ಟಿ. ಪಟ್ಟಿಯ ಅಂಚು ಚೂಪಾಗಿರಬೇಕಿಲ್ಲ, ನುಣುಪಾಗಿ, ನೇರವಾಗಿ ಇದ್ದರೆ ಸಾಕು. ಮಟ್ಟಗೋಲು ಇಟ್ಟು ಉದ್ದಕ್ಕೂ ಅಡ್ಡಕ್ಕೂ ಮಟ್ಟ ಮಾಡಿ. ಎತ್ತರ ಯಾಕೆಂದರೆ ಕ್ರ್ಯಾಂಕಿನಿಂದ ರಾಡ್ ಇಳಿಬಿದ್ದು, ಅದಕ್ಕೆ ತೂಕ ತೂಗುಹಾಕಿ, ಅದೆಲ್ಲ ಮೇಜಿಗೆ ತಾಗದೆ ಸುತ್ತಬೇಕು. ಪಟ್ಟಿಯ ಬದಲು ಗ್ರೀಸ್ ತೊಳೆದ ನಾಲ್ಕು ಸಣ್ಣ ಬಾಲ್ ಬೇರಿಂಗ್ ಕೂಡ ಆಗುತ್ತದೆ. ಹೊಸ ಬೇರಿಂಗ್ ಸೀಲ್ ಸಮೇತ ಇಟ್ಟರೆ ಮಾತ್ರ ಅದರ ಬಿಗಿಯೇ ನಿಮ್ಮ ಐದಾರು ಗ್ರಾಂ ನುಂಗಿಬಿಡುತ್ತದೆ.

ಸ್ಟ್ಯಾಂಡ್ ಎಷ್ಟು ಸೂಕ್ಷ್ಮ ಎಂದು ತಿಳಿಯಲು ಮೇಣದ ಜೇಡಿಯನ್ನು ಒಂದು ಗ್ರಾಂ ತೂಗಿ, ನಿಂತಿರುವ ಕ್ರ್ಯಾಂಕಿನ ಅಂಚಿಗೆ ಪಕ್ಕದಲ್ಲಿ ಅಂಟಿಸಿ. ಕ್ರ್ಯಾಂಕ್ ನಿಧಾನಕ್ಕೆ ಹೊರಳಲೇಬೇಕು. ಹೊರಳದಿದ್ದರೆ ಶಾಫ್ಟಿನ ಮೇಲೆ ತುಕ್ಕೋ ಗೀರೋ ಇದೆ, ಅಥವಾ ಪಟ್ಟಿ ಮಟ್ಟವಿಲ್ಲ.

ಹಳೆಯ ಲೆಕ್ಕ ತೆಗೆಯುವುದು

ಕ್ರ್ಯಾಂಕ್ ಹೊರಗೆ ಬಂದ ಮೇಲೆ ನೇರ ಪ್ರೆಸ್ಸಿಗೆ ಒಯ್ಯಬೇಡಿ. ಪಿನ್ ಒಮ್ಮೆ ಹೊರಬಂದರೆ ಹಳೆಯ ಲೆಕ್ಕ ಮತ್ತೆ ಸಿಗುವುದಿಲ್ಲ.

ಮೊದಲು ಪಿಸ್ಟನ್, ರಿಂಗ್, ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಹಿಡಿಯುವ ಪಿನ್), ಎರಡೂ ಸರ್ಕ್ಲಿಪ್ ಒಟ್ಟಿಗೆ ತೂಗಿ. ಪಿಸ್ಟನ್ ತಲೆಯ ಮೇಲಿನ ಕರಿ ಕೆರೆದು ತೊಳೆದು ಒಣಗಿಸಿದ ಮೇಲೆ ತೂಗಬೇಕು. ಇದನ್ನು ‘ಪಿ’ ಎಂದು ಬರೆದುಕೊಳ್ಳಿ.

ಆಮೇಲೆ ರಾಡಿನ ಮೇಲ್ತುದಿಯ ತೂಕ. ಫ್ಲೈವೀಲ್‌ಗಳನ್ನು ಅಲ್ಲಾಡದಂತೆ ಮರದ ತುಂಡು ಕೊಟ್ಟು ನಿಲ್ಲಿಸಿ, ಕಾನ್‌ರಾಡ್ ನೆಲಕ್ಕೆ ಸಮಾನಾಂತರವಾಗಿ ಮಲಗುವಂತೆ ಸ್ಮಾಲ್ ಎಂಡನ್ನು, ಅಂದರೆ ಪಿಸ್ಟನ್ ಕೂರುವ ಮೇಲ್ತುದಿಯನ್ನು, ತಕ್ಕಡಿಯ ಮೇಲೆ ಇಡಿ. ಸ್ಮಾಲ್ ಎಂಡ್ ಬುಷ್ ಒಳಗಿರಲಿ. ರಾಡ್ ಓರೆಯಾಗಿದ್ದರೆ ತೂಕ ತಪ್ಪು ಬರುತ್ತದೆ. ಬಿಗ್ ಎಂಡಿನಲ್ಲಿ (ಕ್ರ್ಯಾಂಕ್‌ಪಿನ್ ಕಡೆಯ ತುದಿ) ಎಣ್ಣೆ ಒಣಗಿ ಅಂಟು ಹಿಡಿದಿದ್ದರೂ ತಪ್ಪು. ಸೀಮೆಎಣ್ಣೆಯಲ್ಲಿ ತೊಳೆದು, ರಾಡನ್ನು ಒಮ್ಮೆ ಮೇಲಿನಿಂದ ಇಳಿಸಿ, ಒಮ್ಮೆ ಕೆಳಗಿನಿಂದ ಎತ್ತಿ ಬಿಟ್ಟು, ಎರಡರ ಸರಾಸರಿ ಹಿಡಿಯಿರಿ. ಇದು ‘ಎಸ್’.

ಈಗ ಕ್ರ್ಯಾಂಕನ್ನು ಸ್ಟ್ಯಾಂಡಿನ ಮೇಲೆ ಇಡಿ. ಸ್ಮಾಲ್ ಎಂಡಿನ ತೂತಿನಿಂದ ತಂತಿ ಕಟ್ಟಿ, ಒಂದು ಸಣ್ಣ ಡಬ್ಬಿ ತೂಗುಹಾಕಿ, ಅದರೊಳಗೆ ನಟ್, ವಾಷರ್, ಕೊನೆಗೆ ಮರಳು ಹಾಕುತ್ತ ಹೋಗಿ. ಪಿನ್ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೇಗೆ ನಿಲ್ಲಿಸಿದರೂ ಕ್ರ್ಯಾಂಕ್ ಅಲ್ಲೇ ನಿಲ್ಲುವಷ್ಟು ತೂಕ ಸಿಕ್ಕಿತೇ? ಪಿನ್ ಎಡ ಅಥವಾ ಬಲಕ್ಕೆ ಅಡ್ಡಲಾಗಿ ಇರುವಾಗಲೇ ಸೂಕ್ಷ್ಮ ಗೊತ್ತಾಗುವುದು, ಕೊನೆಯ ಮರಳು ಆಗ ಹಾಕಿ. ಡಬ್ಬಿ, ತಂತಿ, ಮರಳು ಎಲ್ಲ ಸೇರಿಸಿ ತೂಗಿದರೆ ‘ಡಬ್ಲ್ಯು’.

ಡಬ್ಲ್ಯುಗೆ ಎಸ್ ಕೂಡಿಸಿ, ಅದನ್ನು ಪಿ ಮತ್ತು ಎಸ್‌ನ ಮೊತ್ತದಿಂದ ಭಾಗಿಸಿ. ಬಂದದ್ದೇ ನಿಮ್ಮ ಬ್ಯಾಲೆನ್ಸ್ ಫ್ಯಾಕ್ಟರ್. ಎಸ್ ಅನ್ನು ಕೂಡಿಸುವುದು ಯಾಕೆಂದರೆ ರಾಡ್ ಇಳಿಬಿದ್ದಾಗ ಅದರ ಮೇಲ್ತುದಿಯ ತೂಕ ಆಗಲೇ ಪಿನ್ನಿನ ಮೇಲೆ ಜೋತುಬಿದ್ದಿರುತ್ತದೆ. ಬಿಗ್ ಎಂಡ್, ಪಿನ್, ರೋಲರ್ ಇವುಗಳ ತೂಕ ಬೇರೆಯಾಗಿ ಬೇಕಿಲ್ಲ. ಅವು ಸುತ್ತುವ ಭಾಗಗಳು, ಪೂರ್ತಿ ಲೆಕ್ಕಕ್ಕೆ ತಾವಾಗಿಯೇ ಬಂದಿವೆ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಪಿ 330 ಗ್ರಾಂ, ಎಸ್ 110 ಗ್ರಾಂ, ಸ್ಟ್ಯಾಂಡಿನ ಮೇಲೆ ಸಿಕ್ಕ ಡಬ್ಲ್ಯು 132 ಗ್ರಾಂ. 132ಕ್ಕೆ 110 ಸೇರಿ 242. ಅದನ್ನು 440ರಿಂದ ಭಾಗಿಸಿದರೆ 0.55. ಅಂದರೆ ಶೇ. 55. ಇವು ತೋರಿಸಲು ಹಿಡಿದ ಅಂಕಿಗಳು, ನಿಮ್ಮ ಕ್ರ್ಯಾಂಕಿನದು ನೀವೇ ಅಳೆಯಬೇಕು.

ಕ್ರ್ಯಾಂಕಿನ ಪಿನ್ ಆಗಲೇ ಯಾರೋ ಬಿಚ್ಚಿ ತಂದುಕೊಟ್ಟಿದ್ದರೆ? ಮುಟ್ಟದ ಇನ್ನೊಂದು ಯೆಜ್ಡಿ ಕ್ರ್ಯಾಂಕನ್ನು ಹುಡುಕಿ ಅದನ್ನು ಅಳೆಯುವುದು ಉತ್ತಮ. ಗುಜರಿಯಲ್ಲಿ ಬಿದ್ದಿರುವ ಸವೆದ ಕ್ರ್ಯಾಂಕ್ ಕೂಡ ಇದಕ್ಕೆ ಆಗುತ್ತದೆ. ಸವೆತದಿಂದ ತೂಕ ಹೆಚ್ಚೇನೂ ಹೋಗಿರುವುದಿಲ್ಲ.

ಪ್ರೆಸ್ಸಿಗೆ ಹೋಗುವ ಮುಂಚಿನ ಗುರುತು

ಎರಡೂ ಫ್ಲೈವೀಲ್‌ಗಳ ಅಂಚಿನ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು, ಪಿನ್ನಿಗೆ ನೇರ ಎದುರಿನ ಕಡೆ ಒಂದು ಗೆರೆ ಎಳೆಯಿರಿ. ಪಿನ್ನಿನ ಪಕ್ಕದಲ್ಲಿ ಇನ್ನೊಂದು ಗೆರೆ. ಎರಡು ಫ್ಲೈವೀಲ್‌ಗಳ ಹೊರಮೈಯಿಂದ ಹೊರಮೈಗೆ ಅಗಲ ಅಳೆದು ಬರೆದುಕೊಳ್ಳಿ, ಪಿನ್ ಕಡೆ ಒಂದು, ಎದುರು ಕಡೆ ಒಂದು. ಈ ಅಗಲ ಬದಲಾದರೆ ಕ್ರ್ಯಾಂಕ್ ಕೇಸಿನಲ್ಲಿ ಒಂದೋ ಬಿಗಿಯಾಗುತ್ತದೆ, ಇಲ್ಲ ರಾಡ್ ಸಿಲಿಂಡರಿನ ನಡುವಿಗೆ ಬರುವುದಿಲ್ಲ.

ಪಿನ್ ಹೊರಬಂದ ಮೇಲೆ ಅದರ ವ್ಯಾಸವನ್ನೂ ಫ್ಲೈವೀಲ್ ತೂತಿನ ವ್ಯಾಸವನ್ನೂ ಅಳೆಯಿರಿ. ಈ ಗಾತ್ರದ ಪಿನ್ನಿಗೆ ಸಾಮಾನ್ಯವಾಗಿ 0.05ರಿಂದ 0.08 ಮಿ.ಮೀ. ಬಿಗಿ ಬೇಕು, ಅಂದರೆ ತೂತಿಗಿಂತ ಪಿನ್ ಅಷ್ಟು ದಪ್ಪ ಇರಬೇಕು. ಪ್ರತಿ ಸಲ ಪಿನ್ ಬಿಚ್ಚಿ ಕೂರಿಸಿದಾಗಲೂ ತೂತು ಒಂದಿಷ್ಟು ಸಡಿಲಾಗುತ್ತದೆ. ಬಿಗಿ ಸಾಲದಿದ್ದರೆ ತೂತನ್ನು ಹೋನ್ ಮಾಡಿಸಿ ದಪ್ಪ ಪಿನ್ ಮಾಡಿಸಬೇಕು. ಪಿನ್ನಿನ ಮೇಲೆ ಪಂಚ್ ಹೊಡೆದು ಉಬ್ಬಿಸುವುದು, ಅಂಟುಮದ್ದು ಹಾಕುವುದು, ಬದಿಗೆ ವೆಲ್ಡಿಂಗ್ ಇಡುವುದು, ಈ ಮೂರೂ ಬೀದಿಯಲ್ಲಿ ನಡೆಯುವ ಕೆಲಸಗಳೇ. ಮೂರರಲ್ಲೂ ಕ್ರ್ಯಾಂಕ್ ಸ್ಟ್ಯಾಂಡಿನ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಓಡುವಾಗ ಫ್ಲೈವೀಲ್ ಒಂದಿಷ್ಟು ತಿರುಚಿಕೊಂಡರೆ ನೀವು ಮಾಡಿದ ಬ್ಯಾಲೆನ್ಸಿಂಗೆಲ್ಲ ನೀರಿನಲ್ಲಿ ಹೋಮ.

ಹೊಸ ಕಿಟ್‌ನಲ್ಲಿ ರಾಡಿನ ಉದ್ದ, ಬಿಗ್ ಎಂಡ್ ಅಗಲ, ಪಿನ್ನಿನ ಉದ್ದ ಮೂರನ್ನೂ ಹಳೆಯದರ ಜೊತೆ ಇಟ್ಟು ನೋಡಿ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಮೈಕ್ರೊಮೀಟರ್ ಹೇಳಿದ್ದನ್ನು ನಂಬಿ. ಪಿನ್ ತುದಿಯ ಅಂಚು ಚೂಪಾಗಿದ್ದರೆ ಎಣ್ಣೆಗಲ್ಲಿನಿಂದ ಒಂದಿಷ್ಟು ಮೊಂಡು ಮಾಡಿ, ಇಲ್ಲದಿದ್ದರೆ ಒಳಹೋಗುವಾಗ ತೂತನ್ನು ಹೆರೆದುಕೊಂಡು ಹೋಗುತ್ತದೆ. ರೋಲರ್‌ಗಳನ್ನು ಬೇರೆ ಬೇರೆ ಪೊಟ್ಟಣದಿಂದ ಬೆರೆಸಬೇಡಿ. ಒಂದೇ ರೋಲರ್ ಎರಡು ಮೂರು ಮೈಕ್ರಾನ್ ದಪ್ಪ ಇದ್ದರೂ ಭಾರವೆಲ್ಲ ಅದರ ಮೇಲೆ ಬೀಳುತ್ತದೆ.

ಪಿನ್ ಕೂರಿಸಿದ ಮೇಲೆ ರಾಡಿಗೂ ಫ್ಲೈವೀಲಿಗೂ ನಡುವೆ ಪಕ್ಕದ ಪ್ಲೇ ಫೀಲರ್ ಗೇಜಿನಲ್ಲಿ ಸುಮಾರು 0.2ರಿಂದ 0.4 ಮಿ.ಮೀ. ಬರಬೇಕು. ರಾಡನ್ನು ಹಿಡಿದು ಮೇಲಕ್ಕೆ ಎಳೆದರೆ ಪ್ಲೇ ಕೈಗೆ ಗೊತ್ತಾಗಬಾರದು. ಆದರೆ ಕೈಬಿಟ್ಟರೆ ತನ್ನ ಭಾರಕ್ಕೇ ಇಳಿದು ಬೀಳಬೇಕು.

ಟ್ರೂಯಿಂಗ್ (ಸೊಟ್ಟ ತಿದ್ದುವುದು): ಇಲ್ಲಿ ಆತುರ ಬೇಡ

ಸೊಟ್ಟ ಕ್ರ್ಯಾಂಕನ್ನು ಬ್ಯಾಲೆನ್ಸ್ ಮಾಡಿ ಪ್ರಯೋಜನವಿಲ್ಲ. ಕ್ರ್ಯಾಂಕನ್ನು ಸೆಂಟರ್‌ಗಳ ನಡುವೆ ಹಿಡಿಸಿ, ಎರಡೂ ಶಾಫ್ಟುಗಳ ಮೇಲೆ, ಫ್ಲೈವೀಲಿಗೆ ಹತ್ತಿರ ಮೇನ್ ಬೇರಿಂಗ್ ಕೂರುವ ಜಾಗದಲ್ಲಿ ಒಂದೊಂದು ಡಯಲ್ ಗೇಜ್ ಇಡಿ. ಶಾಫ್ಟಿನ ತುದಿಯ ಸೆಂಟರ್ ತೂತುಗಳಲ್ಲಿ ಕೊಳೆಯಾಗಲಿ ಪೆಟ್ಟಾಗಲಿ ಇದ್ದರೆ ಮೊದಲು ಅದನ್ನು ಸರಿಮಾಡಿ. ಇಲ್ಲದಿದ್ದರೆ ಇಲ್ಲದ ಸೊಟ್ಟವನ್ನು ತಿದ್ದುತ್ತ ಕೂರುತ್ತೀರಿ.

ನಿಧಾನಕ್ಕೆ ಒಂದು ಸುತ್ತು ತಿರುಗಿಸಿ, ಎರಡೂ ಮುಳ್ಳನ್ನು ಒಟ್ಟಿಗೆ ನೋಡಿ. ತಪ್ಪು ಎರಡು ಬಗೆ.

ಒಂದು ಮುಳ್ಳು ಏರುವಾಗ ಇನ್ನೊಂದು ಇಳಿಯುತ್ತಿದ್ದು, ಎತ್ತರದ ಜಾಗ ಪಿನ್ನಿಗೆ 90 ಡಿಗ್ರಿಯಲ್ಲಿ ಬರುತ್ತಿದ್ದರೆ ಎರಡು ಫ್ಲೈವೀಲ್ ಒಂದಕ್ಕೊಂದು ತಿರುಚಿಕೊಂಡಿವೆ. ಎತ್ತರ ತೋರಿದ ಶಾಫ್ಟಿನ ಫ್ಲೈವೀಲ್ ಅಂಚಿನಲ್ಲಿ ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಕ್ರ್ಯಾಂಕನ್ನು ಸೆಂಟರಿನಿಂದ ಇಳಿಸಿ, ಇನ್ನೊಂದು ವೀಲನ್ನು ಭದ್ರವಾಗಿ ಹಿಡಿದು, ಗುರುತಿನ ಮೇಲೆ ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಸೆಂಟರಿನಲ್ಲಿ ಇರುವಾಗಲೇ ಹೊಡೆದರೆ ಸೆಂಟರ್ ತೂತೂ ಕೆಡುತ್ತದೆ, ಲೇತೂ ಕೆಡುತ್ತದೆ.

ಎರಡೂ ಮುಳ್ಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಫ್ಲೈವೀಲ್‌ಗಳು ಸಮಾನಾಂತರವಿಲ್ಲ. ಪಿನ್ ಕಡೆ ಎರಡೂ ಎತ್ತರ ತೋರಿದರೆ, ಪಿನ್ನಿನ ಎದುರು ಕಡೆ ವೀಲ್‌ಗಳ ಸಂದಿ ಕಿರಿದಾಗಿದೆ. ಅಲ್ಲಿ ಗಟ್ಟಿ ಮರದ ಅಥವಾ ಹಿತ್ತಾಳೆಯ ಬೆಣೆ ಬಡಿದು ತೆರೆಸಬೇಕು. ಎದುರು ಕಡೆ ಎತ್ತರ ತೋರಿದರೆ ಅಲ್ಲಿ ಸಂದಿ ಅಗಲವಾಗಿದೆ, ಮೃದು ದವಡೆ ಹಾಕಿದ ವೈಸಿನಲ್ಲಿ ಹಿಡಿದು ಒತ್ತಬೇಕು. ಅನುಮಾನವಿದ್ದರೆ ಎರಡು ಕಡೆಯ ಅಗಲವನ್ನು ಮೈಕ್ರೊಮೀಟರಿನಲ್ಲಿ ಅಳೆದು ಖಚಿತ ಮಾಡಿಕೊಳ್ಳಿ.

ಸಾಮಾನ್ಯವಾಗಿ ಎರಡೂ ತಪ್ಪು ಬೆರೆತಿರುತ್ತವೆ. ಮೊದಲು ತಿರುಚು, ಆಮೇಲೆ ಸಮಾನಾಂತರ, ಮತ್ತೆ ತಿರುಚು. ಪೆಟ್ಟು ಕೊಟ್ಟಷ್ಟೂ ಪಿನ್ನಿನ ಬಿಗಿ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಹದಿನೈದು ಇಪ್ಪತ್ತು ಪೆಟ್ಟಿಗೂ ದಾರಿಗೆ ಬರದಿದ್ದರೆ ಕೂರಿಸಿದ್ದೇ ತಪ್ಪು, ಬಿಚ್ಚಿ ಮೊದಲಿನಿಂದ ಮಾಡುವುದು ಮೇಲು. ಡಯಲ್‌ನ ಒಟ್ಟು ಓಟ 0.03 ಮಿ.ಮೀ. ಒಳಗೆ ಬರಲಿ, 0.02 ಬಂದರೆ ಸಂತೋಷ. 0.05 ದಾಟಿದ್ದನ್ನು ಎಂಜಿನ್ನಿಗೆ ಹಾಕಬೇಡಿ. ಡಯಲ್‌ನಲ್ಲಿ 0.04 ಓಡಿದರೆ ಶಾಫ್ಟ್ ಕೇಂದ್ರದಿಂದ ಸರಿದಿರುವುದು ಅದರ ಅರ್ಧ, 0.02. ಮೆಕ್ಯಾನಿಕ್ ಒಂದು ಹೇಳುತ್ತಾನೆ, ಲೇತಿನವನು ಇನ್ನೊಂದು ಹೇಳುತ್ತಾನೆ ಎಂಬ ಜಗಳಗಳಲ್ಲಿ ಬಹಳಷ್ಟು ಈ ಅರ್ಧ-ಪೂರ್ತಿ ಗೊಂದಲದವೇ.

ಈಗ ಡ್ರಿಲ್

ಹೊಸ ಪಿಸ್ಟನ್ ಸೆಟ್ ತೂಗಿ, ಹೊಸ ರಾಡಿನ ಎಸ್ ತೂಗಿ. ರಾಡ್ ಇನ್ನೂ ಪಿನ್ನಿಗೆ ಹಾಕದಿದ್ದಾಗ ತೂಗಿದರೆ ಒಂದು ಅನುಕೂಲವಿದೆ: ಎರಡು ತುದಿಯನ್ನೂ ಬೇರೆ ಬೇರೆ ತೂಗಿ, ಮೊತ್ತ ಪೂರ್ತಿ ರಾಡಿನ ತೂಕಕ್ಕೆ ಒಂದು ಗ್ರಾಂ ಒಳಗೆ ಸರಿಹೊಂದುತ್ತದೆಯೇ ನೋಡಬಹುದು. ಹೊಂದದಿದ್ದರೆ ತೂಗಿದ ರೀತಿ ತಪ್ಪು.

ಹಿಂದಿನ ಉದಾಹರಣೆಯನ್ನೇ ಮುಂದುವರಿಸಿದರೆ, ಹೊಸ ಸೆಟ್ 350 ಗ್ರಾಂ, ಎಸ್ ಮೊದಲಿನಂತೆ 110 ಎನ್ನೋಣ. 460ರ ಶೇ. 55 ಎಂದರೆ 253. ಅದರಲ್ಲಿ 110 ಕಳೆದರೆ 143 ಗ್ರಾಂ. ಈ 143 ಗ್ರಾಂ ಅನ್ನು ಸ್ಮಾಲ್ ಎಂಡಿಗೆ ತೂಗುಹಾಕಿದಾಗ ಕ್ರ್ಯಾಂಕ್ ಎಲ್ಲೆಂದರಲ್ಲಿ ನಿಲ್ಲಬೇಕು. ಪಿನ್ ಕಡೆ ಕೆಳಗೆ ಬಂದರೆ ಪಿನ್ ಕಡೆಯಿಂದ ತೂಕ ತೆಗೆಯಬೇಕು. ಪಿನ್ ಮೇಲೆ ಹೋದರೆ ಕೌಂಟರ್‌ವೇಟ್ ಕಡೆ ಕೊರೆಯಬೇಕು.

ಎಷ್ಟು ಎಂದು ತಿಳಿಯಲು ಮೇಣದ ಜೇಡಿ ಬೇಕು. ಹಗುರಾದ ಕಡೆ, ಕೇಂದ್ರದಿಂದ 37.5 ಮಿ.ಮೀ. ದೂರದಲ್ಲಿ ಜೇಡಿ ಅಂಟಿಸುತ್ತ ಸಮ ಮಾಡಿ, ಆಮೇಲೆ ಜೇಡಿಯನ್ನು ಕಿತ್ತು ತೂಗಿ. 11 ಗ್ರಾಂ ಬಂತು ಎನ್ನಿ. 11ನ್ನು 37.5ರಿಂದ ಗುಣಿಸಿದರೆ 412 ಗ್ರಾಂ-ಮಿ.ಮೀ. ಕೊರೆಯುವಾಗ ಬೇಕಾದ್ದು ಈ ಗುಣಲಬ್ಧ. ಬರೀ ಗ್ರಾಂ ಹಿಡಿದು ಕೊರೆಯುವುದು ಎಲ್ಲರೂ ಮಾಡುವ ತಪ್ಪು.

ಪಿನ್ನಿನ ತೂತಿನ ಪಕ್ಕದಲ್ಲೇ ಕೊರೆದರೆ ಪಿನ್ನಿನ ಹಿಡಿತ ಸಡಿಲಾಗುತ್ತದೆ. ಅದಕ್ಕೆ ಪಿನ್ನಿನ ಎರಡೂ ಪಕ್ಕಕ್ಕೆ 40 ಡಿಗ್ರಿ ಸರಿದು, ಕೇಂದ್ರದಿಂದ 50 ಮಿ.ಮೀ. ದೂರದಲ್ಲಿ, ಪ್ರತಿ ಫ್ಲೈವೀಲಿಗೆ ಎರಡರಂತೆ ನಾಲ್ಕು ತೂತು ಹಾಕಬಹುದು. ಎರಡು ವೀಲಿನಲ್ಲೂ ಸಮನಾಗಿ ತೆಗೆಯದಿದ್ದರೆ ಕ್ರ್ಯಾಂಕ್ ಅತ್ತಿತ್ತ ಓಲಾಡುತ್ತದೆ. 40 ಡಿಗ್ರಿ ಸರಿದದ್ದರಿಂದ 50 ಮಿ.ಮೀ. ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ, 38.3 ಮಿ.ಮೀ. ಮಾತ್ರ. 412ನ್ನು 38.3ರಿಂದ ಭಾಗಿಸಿದರೆ 10.8 ಗ್ರಾಂ, ತೂತಿಗೆ 2.7 ಗ್ರಾಂ.

10 ಮಿ.ಮೀ. ಡ್ರಿಲ್ ಉಕ್ಕಿನಲ್ಲಿ ಪ್ರತಿ ಮಿ.ಮೀ. ಆಳಕ್ಕೆ 0.62 ಗ್ರಾಂ ತೆಗೆಯುತ್ತದೆ. ಡ್ರಿಲ್ ತುದಿಯ ಮೊನೆ ಮಾಡುವ ಗುಂಡಿಯೇ ಇನ್ನೊಂದು 0.6 ಗ್ರಾಂ. ಹಾಗಾಗಿ ಪೂರ್ತಿ ವ್ಯಾಸ ಬಂದ ಮೇಲೆ 3.4 ಮಿ.ಮೀ. ಆಳ ಸಾಕು. ಒಂದೇ ಸಲ ಅಷ್ಟೂ ಕೊರೆಯಬೇಡಿ. ಮುಕ್ಕಾಲು ಕೊರೆದು, ಸ್ಟ್ಯಾಂಡಿನ ಮೇಲೆ ಇಟ್ಟು ನೋಡಿ, ಉಳಿದದ್ದು ತೆಗೆಯಿರಿ. ತೆಗೆದ ಉಕ್ಕನ್ನು ವಾಪಸು ಅಂಟಿಸಲಾಗದು. ನಿಮ್ಮ ವೀಲಿನಲ್ಲಿ ಈ ಜಾಗದಲ್ಲಿ ಲೋಹ ಇಲ್ಲದಿದ್ದರೆ ಬೇರೆ ಕೋನ, ಬೇರೆ ದೂರ ಹಿಡಿದು ಇದೇ ಲೆಕ್ಕ ಮಾಡಿ.

ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸಿನ ಖಾಲಿ ಜಾಗವೂ ಮುಖ್ಯ, ಅದೇ ಮಿಶ್ರಣವನ್ನು ಮೇಲಕ್ಕೆ ತಳ್ಳುವ ಪಂಪು. ಆದರೆ 10.8 ಗ್ರಾಂ ಉಕ್ಕು ಎಂದರೆ 1.4 ಸಿಸಿ ಜಾಗ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹತ್ತಾರು ಗ್ರಾಂ ತೆಗೆಯಬೇಕಾಗಿ ಬಂದರೆ ತೂತಿಗೆ ಅಲ್ಯೂಮಿನಿಯಂ ಬಿರಡೆ ಒತ್ತಿ ಕೂರಿಸಿ, ಅದರ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಭಾರ ಹೆಚ್ಚಿಸಲು ಸೀಸ ಕರಗಿಸಿ ಸುರಿಯುವ ಹಳೆಯ ಅಭ್ಯಾಸ ಬಿಡಿ. ಬಿಸಿಗೂ ಕಂಪನಕ್ಕೂ ಸೀಸ ಸಡಿಲಾಗಿ ಒಂದು ದಿನ ಹೊರಗೆ ಬರುತ್ತದೆ, ಬಂದದ್ದು ಸಿಲಿಂಡರಿನ ದಾರಿ ಹಿಡಿಯುತ್ತದೆ.

ಕೊರೆಯುವಾಗ ಬಿಗ್ ಎಂಡಿಗೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ ಟೇಪ್ ಹಾಕಿ. ಕೆಲಸ ಮುಗಿದ ಮೇಲೆ ಸೀಮೆಎಣ್ಣೆ, ಆಮೇಲೆ ಪೆಟ್ರೋಲ್. ಗಾಳಿ ಹೊಡೆಯಿರಿ, ಆದರೆ ಗಾಳಿಯಿಂದ ಬೇರಿಂಗನ್ನು ಗಿರಗಿರನೆ ತಿರುಗಿಸಬೇಡಿ. ಎಣ್ಣೆಯಿಲ್ಲದ ರೋಲರ್ ಹಾಗೆ ತಿರುಗಿದರೆ ಗೀರು ಬೀಳುತ್ತದೆ. ತೂತುಗಳ ಅಂಚಿನ ಚೂಪು ತೆಗೆದು, ಕೂಡಲೇ ಬಿಗ್ ಎಂಡಿಗೆ ಟೂ-ಟಿ ಆಯಿಲ್ ಹನಿಸಿ.

ಪಿಸ್ಟನ್ನಿನಿಂದಲೇ ತೂಕ ಇಳಿಸಬಹುದಲ್ಲ? ಐದಾರು ಗ್ರಾಂ ಆದರೆ ಇಳಿಸಬಹುದು, ಒಳಗಡೆ ಗಜನ್ ಪಿನ್ ಬಾಸಿನ ಕೆಳಭಾಗದಿಂದ ಮಾತ್ರ. ತಲೆಯ ಒಳಮೈಯನ್ನೂ ಸ್ಕರ್ಟನ್ನೂ ಮುಟ್ಟಬೇಡಿ. ಕಾನ್‌ರಾಡನ್ನು ಉಜ್ಜಿ ಹಗುರ ಮಾಡುವ ಆಸೆ ಹುಟ್ಟಿದರೆ ಉದ್ದಕ್ಕೆ ಉಜ್ಜಿ. ಅಡ್ಡ ಗೀರು ಒಂದಿದ್ದರೂ ಬಿರುಕು ಅಲ್ಲಿಂದಲೇ ಶುರು.

ಜೋಡಿಸುವಾಗ ಕೆಡುವುದು

ಇಷ್ಟೆಲ್ಲ ಮಾಡಿದ ಕ್ರ್ಯಾಂಕ್ ಕೇಸಿಗೆ ಹೋಗುವಾಗ ಕೆಡುತ್ತದೆ. ಬೇರಿಂಗ್ ತಣ್ಣಗಿರುವ ಕೇಸಿಗೆ ಬಡಿದು ಕೂರಿಸಿ, ಅದರೊಳಗೆ ಕ್ರ್ಯಾಂಕನ್ನು ಸುತ್ತಿಗೆಯಿಂದ ತೂರಿಸಿದರೆ ಫ್ಲೈವೀಲ್‌ಗಳು ಒಳಕ್ಕೆ ಒತ್ತಿ, 0.02ಕ್ಕೆ ತಂದದ್ದು ಮತ್ತೆ 0.08ಕ್ಕೆ ಹೋಗುತ್ತದೆ. ಕೇಸನ್ನು ಸುಮಾರು 100 ಡಿಗ್ರಿಗೆ ಒಲೆಯ ಮೇಲೆ ಸಮನಾಗಿ ಬಿಸಿ ಮಾಡಿ. ಒಂದು ಹನಿ ನೀರು ಬಿದ್ದರೆ ಚುಯ್ ಎಂದು ಆರಬೇಕು. ಬೇರಿಂಗ್ ತಾನೇ ಒಳಗಿಳಿಯುತ್ತದೆ. ಶಾಫ್ಟನ್ನು ಬೇರಿಂಗಿಗೆ ಎಳೆದುಕೊಳ್ಳಬೇಕಾದರೆ, ಫ್ಲೈವೀಲ್‌ಗಳ ನಡುವೆ ಪಿನ್ನಿನ ಎದುರು ಕಡೆ ಸರಿಯಾದ ದಪ್ಪದ ಪಟ್ಟಿ ಇಟ್ಟು ಎಳೆಯಿರಿ.

ಪ್ರೈಮರಿ ಸ್ಪ್ರಾಕೆಟ್ ನಟ್ ಬಿಗಿಯಲು ಸ್ಮಾಲ್ ಎಂಡಿನೊಳಗೆ ಕಬ್ಬಿಣದ ಸಲಾಕೆ ತೂರಿಸಿ ಕೇಸಿನ ಮೇಲೆ ಅಡ್ಡ ಕೊಡುವುದನ್ನು ಎಲ್ಲ ಕಡೆ ಕಾಣುತ್ತೀರಿ. ರಾಡ್ ಬಾಗುವುದು, ಫ್ಲೈವೀಲ್ ತಿರುಚುವುದು ಎರಡೂ ಇದರಿಂದಲೇ. ಸ್ಪ್ರಾಕೆಟನ್ನೇ ಹಳೆಯ ಚೈನ್ ಸುತ್ತಿ ಹಿಡಿಯಿರಿ.

ಕೇಸ್ ಮುಚ್ಚಿ, ಸೀಲ್ ಹಾಕಿ, ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಬಿಗಿದ ಮೇಲೆ ಕ್ರ್ಯಾಂಕನ್ನು ಎರಡು ಬೆರಳಿನಿಂದ ತಿರುಗಿಸಲು ಆಗಬೇಕು. ಎರಡೂ ಹೊರ ತುದಿಗೆ ಡಯಲ್ ಇಟ್ಟು ಇನ್ನೊಮ್ಮೆ ನೋಡಿ. ಇಲ್ಲಿ ಓಟ ಹೆಚ್ಚಿದ್ದರೆ ಕೇಸ್ ಮತ್ತೆ ತೆರೆಯಬೇಕು, ಬೇರೆ ದಾರಿಯಿಲ್ಲ. ಆರ್ಮೇಚರ್ ಕೂರುವ ಟೇಪರನ್ನು (ಶಾಫ್ಟಿನ ಕಿರಿದಾಗುತ್ತ ಹೋಗುವ ತುದಿ) ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿ ಕೂರಿಸಿ. ಆರ್ಮೇಚರಿನ ಹೊರಮೈಗೂ ಡಯಲ್ ಇಡಿ. ಟೇಪರಿನಲ್ಲಿ ಒಂದು ಕೂದಲಿನಷ್ಟು ಕಸ ಇದ್ದರೂ ಹೊರಗೆ ಅದು ದೊಡ್ಡದಾಗಿ ಕಾಣುತ್ತದೆ.

ಗಾಡಿಗೆ ಹಾಕಿ ಚಾಲೂ ಮಾಡಿದ ಮೇಲೆ ಕಂಪನ ಯಾವ ದಿಕ್ಕಿಗೆ ಇದೆ ಗಮನಿಸಿ. ಸೀಟು, ಫುಟ್‌ರೆಸ್ಟ್ ಮೇಲೆ ಕೆಳಗೆ ನಡುಗಿದರೆ ಕೌಂಟರ್‌ವೇಟ್ ಕಡಿಮೆ ಇರಬಹುದು. ಹ್ಯಾಂಡಲ್ ಹಿಂದೆ ಮುಂದೆ ಸಣ್ಣಗೆ ಗುಂಯ್‌ಗುಟ್ಟಿದರೆ ಹೆಚ್ಚಿರಬಹುದು. 200 ಕಿ.ಮೀ. ಆದ ಮೇಲೆ ಮೌಂಟಿಂಗ್ ಬೋಲ್ಟುಗಳನ್ನು ತಣ್ಣಗಿರುವಾಗ ಇನ್ನೊಮ್ಮೆ ಬಿಗಿದು, ಪಾಯಿಂಟ್ ಗ್ಯಾಪ್ ಅಳೆದು, ಆ ಅಂಕಿಯನ್ನೂ ಪಿ, ಎಸ್, ಡಬ್ಲ್ಯು ಬರೆದ ಪುಟದಲ್ಲೇ ಬರೆಯಿರಿ. ಮುಂದೆ ಈ ಕ್ರ್ಯಾಂಕ್ ಬಿಚ್ಚುವವರು ಮೊದಲು ಹುಡುಕುವುದು ಆ ಪುಟವನ್ನೇ.